ಬೆಂಗಳೂರಾ, ಹೈದರಾಬಾದಾ, ಚೆನ್ನೈಯಾ, ಹುಬ್ಬಳ್ಳಿಯೇ ಸಾಕಾ? ಊರು ಬಿಡುವ ಮುನ್ನ ಹಾಕಬೇಕಾದ ಲೆಕ್ಕ

ಡಿಗ್ರಿ ರಿಸಲ್ಟ್ ಬಂದಾಗ ಒಮ್ಮೆ, ದೀಪಾವಳಿಗೆ ಬಂದವರು ಬೆಂಗಳೂರಿಗೆ ವಾಪಸ್ ಹೋದಾಗ ಇನ್ನೊಮ್ಮೆ, ನಮ್ಮ ಕಡೆ ಮನೆಮನೆಯಲ್ಲಿ ಇದೇ ಚರ್ಚೆ ನಡೆಯುತ್ತದೆ. ದೊಡ್ಡ ಊರಿಗೆ ಹೋಗೋದಾ, ಇಲ್ಲೇ ಇರೋದಾ? ಹಾವೇರಿಯ ಡಿಪ್ಲೊಮಾ ಹುಡುಗ ಕೇಳುತ್ತಾನೆ. ಗದಗಿನಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿ ಕೇಳುತ್ತಾಳೆ. ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಅಕೌಂಟ್ಸ್ ಕೆಲಸ ಮಾಡಿದ, ಎರಡು ಮಕ್ಕಳ ತಂದೆಯೂ ಕೇಳುತ್ತಾರೆ. ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಮೂವರೂ ಹಾಕುವ ಲೆಕ್ಕ ಮಾತ್ರ ಒಂದೇ: ಇಲ್ಲಿ ಇಷ್ಟು ಸಂಬಳ, ಅಲ್ಲಿ ಅಷ್ಟು, ಕಳೆದರೆ ಇಷ್ಟು ಲಾಭ. ಈ ಲೆಕ್ಕದಲ್ಲಿ ಹಿಡಿದದ್ದಕ್ಕಿಂತ ಬಿಟ್ಟುಹೋದದ್ದೇ ಜಾಸ್ತಿ.

ಇಲ್ಲಿ ಐದು ಆಯ್ಕೆ ಇಟ್ಟುಕೊಂಡಿದ್ದೇನೆ. ಬೆಂಗಳೂರು, ಹೈದರಾಬಾದ್, ಚೆನ್ನೈ, ಪುಣೆ, ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ. ಪುಣೆ ದಕ್ಷಿಣದ ಲೆಕ್ಕಕ್ಕೆ ಬರುವುದಿಲ್ಲ ಅಂತ ಗೊತ್ತು. ಆದರೆ ಧಾರವಾಡ, ಬೆಳಗಾವಿ ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಅಲ್ಲಿದ್ದಾರೆ, ಬಿಡಲಿಕ್ಕಾಗುವುದಿಲ್ಲ. ಹುಬ್ಬಳ್ಳಿಯನ್ನು ಯಾಕೆ ಸೇರಿಸಿದೆ ಅಂದರೆ, ಗದಗ ಮತ್ತು ಹಾವೇರಿಯವರಿಗೆ ಹುಬ್ಬಳ್ಳಿಗೆ ಬರುವುದೂ ಊರು ಬಿಡುವುದೇ.

ಯಾವುದರಿಂದ ಅಳೆಯಬೇಕು

ಮೊದಲನೆಯದು ಎರಡನೇ ಕೆಲಸ. ಈಗ ಕೈಗೆ ಬಂದಿರುವ ಕೆಲಸದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಆ ಕೆಲಸ ನಾಳೆ ಹೋದರೆ? ಅಥವಾ ಎರಡು ವರ್ಷಕ್ಕೆ ಸಾಕಾದರೆ? ಅದೇ ಬಾಡಿಗೆ ಮನೆಯಲ್ಲಿ ಇದ್ದುಕೊಂಡು, ಅದೇ ಕಸುಬಿನಲ್ಲಿ ಇನ್ನೊಂದು ಕಡೆ ಸೇರಲು ಆಗುತ್ತದಾ? ನನ್ನ ಮಟ್ಟಿಗೆ ದೊಡ್ಡ ಊರಿಗೆ ಹೋಗಲು ಇರುವ ಗಟ್ಟಿ ಕಾರಣ ಇದೇ. ಮೊದಲ ಕೆಲಸದ ಸಂಬಳದ ವ್ಯತ್ಯಾಸವನ್ನು ಬಾಡಿಗೆ, ಬಸ್ಸು, ಊಟ ಸೇರಿ ತಿಂದುಬಿಡುತ್ತವೆ. ನಿಜವಾದ ಏರಿಕೆ ಎರಡನೇ, ಮೂರನೇ ಕೆಲಸದಲ್ಲಿ ಬರುತ್ತದೆ. ಹಾಗಾಗಿ ನಿಮ್ಮ ಕಸುಬಿನ ಕಂಪನಿ ಆ ಊರಿನಲ್ಲಿ ಒಂದೇ ಇದ್ದರೆ, ಅದು ಎಷ್ಟೇ ದೊಡ್ಡ ಊರಾದರೂ ನಿಮ್ಮ ಪಾಲಿಗೆ ಸಣ್ಣದೇ.

ಎರಡನೆಯದು ತಿಂಗಳ ಕೊನೆಗೆ ಉಳಿಯುವ ಹಣ. ಮೂರನೆಯದು ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗಿನ ಗಂಟೆಗಳು. ನಾಲ್ಕನೆಯದು ಊರಿಗೆ ಬರುವ ದಾರಿ. ಅಪ್ಪನಿಗೆ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದರೆ ಬೆಳಿಗ್ಗೆ ಊರಲ್ಲಿ ಇರುತ್ತೀರಾ? ಬಿತ್ತನೆ, ರಾಶಿ ಅಂತ ವರ್ಷಕ್ಕೆ ಎರಡು ಸಲವಾದರೂ ಹೊಲಕ್ಕೆ ಬರಲೇಬೇಕಾದ ಮನೆತನವಾ? ಐದನೆಯದು ಮಕ್ಕಳಿದ್ದವರಿಗೆ ಮಾತ್ರ: ಶಾಲೆ, ಭಾಷೆ, ಮುಂದೆ ಸಿಇಟಿ.

ಹವೆ, ಊಟ, ಮಾಲ್, ಪಾರ್ಕು ಇವೆಲ್ಲ ಆಮೇಲೆ. ಊಟ ಅಂದರೆ ಸಣ್ಣ ವಿಷಯ ಅಂತಲ್ಲ. ಆದರೆ ಜೋಳದ ರೊಟ್ಟಿ ಈಗ ಬೆಂಗಳೂರಿನ ಖಾನಾವಳಿಗಳಲ್ಲೂ ಸಿಗುತ್ತದೆ, ಹೈದರಾಬಾದಿನಲ್ಲೂ ಸಿಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೇಗೂ ಅವ್ವ ಕಟ್ಟಿ ಕಳಿಸುತ್ತಾಳೆ.

ಸಂಬಳದ ಲೆಕ್ಕ, ಒಂಟಿಯಾಗಿದ್ದರೆ ಮತ್ತು ಸಂಸಾರ ಇದ್ದರೆ

ಎರಡು ಉದಾಹರಣೆ ಕೊಡುತ್ತೇನೆ. ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ಅವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಮೊದಲು ಮದುವೆಯಾಗದ ಹುಡುಗ. ಧಾರವಾಡದಲ್ಲಿ 20,000 ಸಂಬಳ, ಮನೆಯಲ್ಲೇ ವಾಸ. ಮನೆಗೆ 5,000 ಕೊಟ್ಟ, ಪೆಟ್ರೋಲ್ 2,000, ಕೈಖರ್ಚು 2,500. ಉಳಿದದ್ದು 10,500. ಅದೇ ಹುಡುಗನಿಗೆ ಬೆಂಗಳೂರಲ್ಲಿ 32,000. ಊಟ ಸೇರಿ ಪಿಜಿಗೆ 9,000, ಬಸ್ಸು-ಮೆಟ್ರೊಗೆ 2,000, ಕೈಖರ್ಚು 3,000, ತಿಂಗಳಿಗೊಮ್ಮೆ ಊರಿಗೆ ಹೋಗಿಬರಲು 2,000. ಉಳಿದದ್ದು 16,000. ಸಂಬಳದ ವ್ಯತ್ಯಾಸ ಹನ್ನೆರಡು ಸಾವಿರ ಕಂಡರೂ ಉಳಿತಾಯದ ವ್ಯತ್ಯಾಸ ಐದೂವರೆ ಸಾವಿರ. ಪರವಾಗಿಲ್ಲ, ಲಾಭವೇ. ಮೇಲಾಗಿ ಎರಡನೇ ಕೆಲಸದ ಬಾಗಿಲು ತೆರೆದಿದೆ.

ಈಗ ಸಂಸಾರ. ಹುಬ್ಬಳ್ಳಿಯಲ್ಲಿ 28,000 ಸಂಬಳ. ಬಾಡಿಗೆ 8,000, ಶಾಲೆಗೆ ತಿಂಗಳ ಲೆಕ್ಕದಲ್ಲಿ 3,000, ಕಿರಾಣಿ-ಹಾಲು-ಕಾಯಿಪಲ್ಲೆ-ಗ್ಯಾಸ್ ಸೇರಿ 9,000, ಪೆಟ್ರೋಲ್ 2,000, ಇತರೆ 2,000. ಉಳಿದದ್ದು 4,000. ಬೆಂಗಳೂರಲ್ಲಿ 45,000 ಕೊಡುತ್ತಾರೆ ಅಂತ ಹೊರಟರೆ ಬಾಡಿಗೆ 16,000, ನೀರು-ಮೇಂಟೆನನ್ಸ್ 1,500, ಶಾಲೆ 5,000, ಅಡುಗೆಮನೆ ಖರ್ಚು 11,000, ಓಡಾಟ 3,000, ಇಡೀ ಸಂಸಾರ ಊರಿಗೆ ಬಂದುಹೋಗಲು ಸರಾಸರಿ 3,000, ಇತರೆ 3,000. ಒಟ್ಟು 42,500. ಉಳಿದದ್ದು 2,500. ಸಂಬಳ ಹದಿನೇಳು ಸಾವಿರ ಏರಿತು, ಉಳಿತಾಯ ಇಳಿಯಿತು. ಹುಬ್ಬಳ್ಳಿಯಲ್ಲಿ ಸ್ವಂತ ಮನೆ ಇದ್ದವರಿಗಂತೂ ಈ ಅಂತರ ಇನ್ನೂ ದೊಡ್ಡದು.

ಆದರೆ ಈ ಲೆಕ್ಕ ತಿರುಗಿ ಬೀಳುವ ಒಂದು ಸಂದರ್ಭ ಇದೆ. ಹೆಂಡತಿಗೂ ಅಲ್ಲಿ ಕೆಲಸ ಸಿಗುವಂತಿದ್ದರೆ. ಬಿ.ಇಡಿ. ಮಾಡಿದವರು, ನರ್ಸಿಂಗ್, ಟ್ಯಾಲಿ ಬಲ್ಲವರು, ಹೊಲಿಗೆ ಗೊತ್ತಿದ್ದವರು, ಇವರಿಗೆ ದೊಡ್ಡ ಊರಿನಲ್ಲಿ ದಾರಿ ಜಾಸ್ತಿ. ಎರಡು ಸಂಬಳಕ್ಕೆ ಬಾಡಿಗೆ ಒಂದೇ ಅಲ್ವಾ? ಹಾಗಾಗಿ ಸಂಸಾರಸ್ಥರು ಕೇಳಿಕೊಳ್ಳಬೇಕಾದ ಪ್ರಶ್ನೆ ‘ನನಗೆ ಎಷ್ಟು ಕೊಡುತ್ತಾರೆ’ ಅನ್ನುವುದರ ಜೊತೆಗೆ ‘ಇಬ್ಬರಿಗೂ ಸೇರಿ ಎಷ್ಟಾಗುತ್ತದೆ’ ಅನ್ನುವುದು. ಅದರ ಜೊತೆಗೇ ಮಗುವನ್ನು ಸಂಜೆಯವರೆಗೆ ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆಯೂ ಬರುತ್ತದೆ. ಇಲ್ಲಿ ಅಜ್ಜಿ ಇದ್ದಾಳೆ. ಅಲ್ಲಿ ಡೇ ಕೇರ್, ಅದಕ್ಕೆ ಬೇರೆ ದುಡ್ಡು.

ಬೆಂಗಳೂರು: ಊರಿಗಿಂತ ಏರಿಯಾ ಮುಖ್ಯ

ಎರಡನೇ ಕೆಲಸದ ಅಳತೆಯಲ್ಲಿ ದಕ್ಷಿಣದ ಯಾವ ಊರೂ ಬೆಂಗಳೂರಿಗೆ ಸಮ ಬರುವುದಿಲ್ಲ. ಸಾಫ್ಟ್‌ವೇರ್ ಒಂದೇ ಅಂತ ತಿಳಿಯಬೇಡಿ. ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳು, ಬಿಡದಿಯ ಟೊಯೋಟಾ, ಆಸ್ಪತ್ರೆಗಳು, ಲೆಕ್ಕಪರಿಶೋಧಕರ ಕಚೇರಿಗಳು, ಹೋಟೆಲು, ಗಾರ್ಮೆಂಟ್ಸ್, ಡೆಲಿವರಿ, ಕ್ಯಾಬ್ ಎಲ್ಲ ಇವೆ. ಐಟಿಐ ಫಿಟ್ಟರ್‌ಗೂ ಕೆಲಸ, ಎಂಬಿಎಗೂ ಕೆಲಸ.

ತೊಂದರೆ ಇರುವುದು ಗಂಟೆಗಳಲ್ಲಿ. ಒಂದು ಕಡೆಗೆ ಒಂದೂವರೆ ಗಂಟೆ ಪ್ರಯಾಣ ಅಲ್ಲಿ ಯಾರಿಗೂ ಸುದ್ದಿಯೇ ಅಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗಿ ಬರುವಷ್ಟು ಹೊತ್ತು ಅಲ್ಲಿ ಬರೀ ಹೋಗಲಿಕ್ಕೇ ಬೇಕು. ಹಾಗಾಗಿ ‘ಬೆಂಗಳೂರಿಗೆ ಹೋಗಲಾ’ ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ‘ಬೆಂಗಳೂರಲ್ಲಿ ಎಲ್ಲಿ’ ಅಂತ.

ನಮ್ಮ ಕಡೆಯ ಬಸ್ಸುಗಳು ತುಮಕೂರು ರಸ್ತೆಯಿಂದ ಊರೊಳಗೆ ಬರುತ್ತವೆ. ನೆಲಮಂಗಲ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ, ಆಮೇಲೆ ಮೆಜೆಸ್ಟಿಕ್. ಉತ್ತರ ಕರ್ನಾಟಕದವರು ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ನಾಗರಭಾವಿ, ಪೀಣ್ಯದ ಸುತ್ತಮುತ್ತ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಸೋಮವಾರ ನಸುಕಿನಲ್ಲಿ ಬಸ್ಸಿಳಿದು ಅರ್ಧ ತಾಸಿಗೆ ಮನೆ ಸೇರಿ, ಸ್ನಾನ ಮಾಡಿ ಕೆಲಸಕ್ಕೆ ಹೊರಡಬಹುದು. ಕೆಲಸ ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇದ್ದರೆ ಅದು ಊರಿನ ಇನ್ನೊಂದು ತುದಿ.

ಇಲ್ಲಿ ಮೆಟ್ರೊ ಲೆಕ್ಕ ಬದಲಿಸಿದೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವಿಜಯನಗರ, ಮೆಜೆಸ್ಟಿಕ್ ಮೇಲೆ ವೈಟ್‌ಫೀಲ್ಡ್‌ವರೆಗೆ 2023ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ. ಹಸಿರು ಮಾರ್ಗ ಮಾದಾವರದಿಂದ ಪೀಣ್ಯ, ಯಶವಂತಪುರ, ಮೆಜೆಸ್ಟಿಕ್ ದಾಟಿ ರೇಷ್ಮೆ ಸಂಸ್ಥೆವರೆಗೆ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಶುರುವಾಗಿ, ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ತಲುಪಬಹುದು. ಅಂದರೆ ವಿಜಯನಗರದಲ್ಲಿ ಮನೆ ಮಾಡಿ ವೈಟ್‌ಫೀಲ್ಡ್‌ನಲ್ಲಿ ದುಡಿಯುವುದು ಈಗ ಆಗದ ಮಾತಲ್ಲ. ಉದ್ದದ ಪ್ರಯಾಣವೇ, ಆದರೆ ಎಷ್ಟು ಹೊತ್ತಿಗೆ ಮುಟ್ಟುತ್ತೀರಿ ಅಂತ ಮೊದಲೇ ಹೇಳಬಹುದು. ಟಿಕೆಟ್ ಮಾತ್ರ ಅಗ್ಗವಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ 60 ಇದ್ದದ್ದನ್ನು 90 ರೂಪಾಯಿ ಮಾಡಿದರು. ದಿನಾ ಎರಡು ತುದಿ ಓಡಾಡುವವರು ಇದನ್ನು ಬಾಡಿಗೆಗೆ ಸೇರಿಸಿಯೇ ನೋಡಬೇಕು. ಬೆಳ್ಳಂದೂರು, ಮಾರತಹಳ್ಳಿ ಕಡೆಯ ಹೊರವರ್ತುಲ ರಸ್ತೆಯಲ್ಲಿ ಕೆಲಸ ಸಿಕ್ಕಿದರೆ ಪಶ್ಚಿಮದ ಆಸೆ ಬಿಟ್ಟು ಹತ್ತಿರದಲ್ಲೇ ಪಿಜಿ ಹಿಡಿಯುವುದು ಒಳ್ಳೆಯದು.

ಬಾಡಿಗೆಯ ಅಡ್ವಾನ್ಸ್ ಬೆಂಗಳೂರಿನ ದೊಡ್ಡ ಪೆಟ್ಟು. ಹಿಂದೆ ಹತ್ತು ತಿಂಗಳ ಬಾಡಿಗೆ ಕೇಳುತ್ತಿದ್ದರು. ಈಗ ಐದಾರು ತಿಂಗಳಿಗೆ ಒಪ್ಪುವವರು ಜಾಸ್ತಿಯಾಗಿದ್ದಾರೆ. 16,000 ಬಾಡಿಗೆಗೆ ಆರು ತಿಂಗಳ ಅಡ್ವಾನ್ಸ್ ಅಂದರೆ 96,000. ಅದನ್ನು ಸಾಲ ಮಾಡಿ ತಂದರೆ ಮೇಲಿನ ಲೆಕ್ಕಕ್ಕೆ ಬಡ್ಡಿಯೂ ಸೇರುತ್ತದೆ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಅಲ್ಲಿನ ರೂಢಿ. ಕರಾರಿನಲ್ಲಿ ಇದನ್ನು ಓದಿಯೇ ಸಹಿ ಹಾಕಿ. ಬಾಡಿಗೆಯೇ ಬೇಡ, ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು ಲೀಸ್‌ಗೆ ಇರಿ ಅನ್ನುವವರೂ ಸಿಗುತ್ತಾರೆ. ಆ ಮನೆ ಬ್ಯಾಂಕಿನಲ್ಲಿ ಅಡವಿದ್ದರೆ ನಿಮ್ಮ ದುಡ್ಡು ಸಿಕ್ಕಿಬೀಳುತ್ತದೆ. ಕಾಗದಪತ್ರ ವಕೀಲರಿಗೆ ತೋರಿಸದೆ ಲೀಸ್ ಕಡೆ ತಲೆ ಹಾಕಬೇಡಿ.

ನೀರು? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ ಬೆಂಗಳೂರಿನ ಎಷ್ಟೋ ಬಡಾವಣೆಗಳು ಟ್ಯಾಂಕರ್ ಹಿಂದೆ ಓಡಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ಊರಂಚಿನ 110 ಹಳ್ಳಿಗಳ ಕಡೆಗೆ ನೀರು ಕೊಡುವ ಕೆಲಸ ನಡೆದಿದೆ. ಮನೆ ನೋಡಲು ಹೋದಾಗ ‘ಕಾವೇರಿ ನೀರು ಬರುತ್ತದಾ, ಬೋರ್ ನೀರಾ’ ಅಂತ ಕೇಳಿ. ಓನರ್ ಹೇಳಿದ್ದನ್ನು ಕೆಳಗಿನ ಮನೆಯವರನ್ನೂ ಕೇಳಿ ಖಾತ್ರಿ ಮಾಡಿಕೊಳ್ಳಿ. ಗದಗ-ಬೆಟಗೇರಿಯಿಂದ ಹೋದವರಿಗೆ ನೀರು ಹಿಡಿದಿಟ್ಟು ಬಳಸುವುದನ್ನು ಯಾರೂ ಕಲಿಸಬೇಕಿಲ್ಲ ಬಿಡಿ.

ಊರಿಗೆ ಬರುವ ದಾರಿಯಲ್ಲಿ ಬೆಂಗಳೂರು ಗೆಲ್ಲುತ್ತದೆ. ರಸ್ತೆಯಲ್ಲಿ ಹುಬ್ಬಳ್ಳಿಗೆ ಸುಮಾರು 410 ಕಿಲೋಮೀಟರ್. ಹಾವೇರಿ ಅದಕ್ಕಿಂತ ಹತ್ತಿರ. ರಾತ್ರಿ ಹತ್ತಿದರೆ ಬೆಳಿಗ್ಗೆ ಮನೆ. ಹಗಲಿಗೆ 2023ರ ಜೂನ್‌ನಿಂದ ಧಾರವಾಡದ ವಂದೇ ಭಾರತ್, 2025ರ ಆಗಸ್ಟ್‌ನಿಂದ ಬೆಳಗಾವಿಯ ವಂದೇ ಭಾರತ್ ಇವೆ. ರಾಣಿ ಚನ್ನಮ್ಮ, ಜನಶತಾಬ್ದಿ ಮೊದಲಿನಿಂದಲೂ ಇವೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ದೊಡ್ಡ ಅನುಕೂಲ. 2023ರ ಜೂನ್ 11ರಿಂದ ರಾಜ್ಯದೊಳಗೆ ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್‌ಗೆ ಅದು ನಡೆಯುವುದಿಲ್ಲ. ಹಬ್ಬಕ್ಕೆ ಮಾತ್ರ ಹುಷಾರು. ಗಣೇಶ ಚತುರ್ಥಿ, ದೀಪಾವಳಿಯ ಹಿಂದಿನ ದಿನ ಖಾಸಗಿ ಬಸ್ಸಿನವರು ಬಾಯಿಗೆ ಬಂದ ದರ ಹೇಳುತ್ತಾರೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹಬ್ಬದ ದಿನದಿಂದ ಅರವತ್ತು ದಿನ ಹಿಂದೆ ಎಣಿಸಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಹೈದರಾಬಾದ್: ಸಂಸಾರಕ್ಕೆ ಸಡಿಲ, ಊರಿಗೆ ದೂರ

ಸಾಫ್ಟ್‌ವೇರ್, ಔಷಧ ಕಂಪನಿ, ಬ್ಯಾಂಕಿಂಗ್ ಬ್ಯಾಕ್ ಆಫೀಸ್, ಈ ಮೂರರಲ್ಲಿ ಇರುವವರು ಹೈದರಾಬಾದನ್ನು ಗಂಭೀರವಾಗಿ ನೋಡಬೇಕು. ಬಿ.ಫಾರ್ಮಾ ಮುಗಿಸಿದವರಿಗೆ ಬೆಂಗಳೂರಿಗಿಂತ ಅಲ್ಲಿ ದಾರಿ ಜಾಸ್ತಿ ಅಂದರೂ ತಪ್ಪಿಲ್ಲ. ಅದೇ ದುಡ್ಡಿಗೆ ಅಲ್ಲಿ ಸ್ವಲ್ಪ ದೊಡ್ಡ ಮನೆ ಸಿಗುತ್ತದೆ. ಅಡ್ವಾನ್ಸ್ ಸಾಮಾನ್ಯವಾಗಿ ಎರಡು ತಿಂಗಳದ್ದು. ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದವರಿಗೆ ಇದು ಸಣ್ಣ ಮಾತಲ್ಲ. ಮೆಟ್ರೊ ಮೂರು ಮಾರ್ಗ ಸೇರಿ 69 ಕಿಲೋಮೀಟರ್ ಇದೆ, ಆದರೆ ಐಟಿ ಕಡೆ ಅದು ರಾಯದುರ್ಗಕ್ಕೆ ನಿಲ್ಲುತ್ತದೆ. ಗಚ್ಚಿಬೌಲಿ, ಫೈನಾನ್ಶಿಯಲ್ ಡಿಸ್ಟ್ರಿಕ್ಟ್‌ಗೆ ಅಲ್ಲಿಂದ ಮುಂದೆ ಆಟೊ, ಬಸ್ಸು, ಇಲ್ಲವೇ ಗಾಡಿ.

ಭಾಷೆಯ ಅಂಜಿಕೆ ಬೇಡ. ಹುಬ್ಬಳ್ಳಿಯ ಸಂತೆಯಲ್ಲಿ ಆಡುವ ಹಿಂದಿ-ಉರ್ದು ಅಲ್ಲಿ ಆರಾಮಾಗಿ ನಡೆಯುತ್ತದೆ. ತೆಲುಗು ಅಕ್ಷರ ನಮ್ಮದಕ್ಕೆ ಹತ್ತಿರ, ಬೋರ್ಡು ಓದಲು ತಿಂಗಳು ಸಾಕು. ಕಾಚಿಗುಡದ ನೃಪತುಂಗ ಶಾಲೆಯಂಥ ಕನ್ನಡದವರ ಹಳೆಯ ಸಂಸ್ಥೆಗಳೂ ಅಲ್ಲಿವೆ. ಬಿಸಿಲು ಮಾತ್ರ ಧಾರವಾಡದವರಿಗೆ ಕಷ್ಟ, ಗದಗಿನವರಿಗೆ ಅಷ್ಟೇನೂ ಅನ್ನಿಸಲಿಕ್ಕಿಲ್ಲ.

ಸೋಲುವುದು ನಾಲ್ಕು ಮತ್ತು ಐದನೇ ಅಳತೆಯಲ್ಲಿ. ಗದಗಿನಿಂದ ಕೊಪ್ಪಳ, ರಾಯಚೂರು ಮೇಲೆ ರಸ್ತೆ ಇದೆ. ಹಾವೇರಿಯವರಿಗೆ ಅದು ಸುತ್ತಿನ ದಾರಿ. ಬೆಂಗಳೂರಿಗೆ ಇರುವಷ್ಟು ರೈಲು, ಬಸ್ಸು ಆ ಕಡೆ ಇಲ್ಲ. ಒಂದು ತಪ್ಪಿದರೆ ಇನ್ನೊಂದು ಅನ್ನುವ ಧೈರ್ಯ ಇರುವುದಿಲ್ಲ. ಆಧಾರ್ ವಿಳಾಸ ತೆಲಂಗಾಣಕ್ಕೆ ಬದಲಾದರೆ ಶಕ್ತಿ ಬಸ್ಸೂ ಹೋಯಿತು.

ಮಕ್ಕಳ ವಿಷಯ ಇನ್ನೂ ಮುಖ್ಯ. ತೆಲಂಗಾಣದಲ್ಲಿ 2018ರ ಕಾಯ್ದೆ ಪ್ರಕಾರ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಒಂದನೇ ತರಗತಿಯ ಮಗು ಸುಲಭವಾಗಿ ಕಲಿಯುತ್ತದೆ. ಏಳನೇ ತರಗತಿಯ ಮಗುವಿಗೆ ಹೊಸ ಭಾಷೆ ಅಂದರೆ ಟ್ಯೂಷನ್, ಅಳು, ಕಡಿಮೆ ಮಾರ್ಕ್ಸು. ಮುಂದೆ ಮಗು ಕರ್ನಾಟಕದಲ್ಲೇ ಎಂಜಿನಿಯರಿಂಗ್ ಅಥವಾ ಮೆಡಿಕಲ್ ಓದಬೇಕು ಅಂತಿದ್ದರೆ, ನಮ್ಮ ಸಿಇಟಿಯ ಸರ್ಕಾರಿ ಸೀಟಿಗೆ ಮುಖ್ಯ ನಿಯಮ ಇದು: ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹೊರಗಿದ್ದವರಿಗೆ ಬೇರೆ ಕಲಂಗಳೂ ಇವೆ, ಆದರೆ ದಾಖಲೆ ಹೊಂದಿಸುವುದರಲ್ಲಿ ಸಾಕುಬೇಕಾಗುತ್ತದೆ. ಎಷ್ಟು ವರ್ಷ ಇಲ್ಲಿ ಓದಿಯಾಗಿದೆ ಅಂತ ಎಣಿಸಿಕೊಂಡೇ ಹೊರಡಿ.

ಚೆನ್ನೈ ಮತ್ತು ಪುಣೆ

ಚೆನ್ನೈ ನಮ್ಮ ಕಡೆಯವರಿಗೆ ಕಸುಬು ನೋಡಿ ಹೋಗುವ ಊರು. ಆಟೊಮೊಬೈಲ್‌ನಲ್ಲಿ ಇರುವವರಿಗೆ ಶ್ರೀಪೆರಂಬುದೂರು, ಒರಗಡಂ ಭಾಗದಲ್ಲಿ ಹ್ಯುಂಡೈ, ರೆನೊ-ನಿಸಾನ್, ಅವುಗಳಿಗೆ ಬಿಡಿಭಾಗ ಮಾಡುವ ಕಾರ್ಖಾನೆಗಳು ಸಾಲುಸಾಲಾಗಿವೆ. ಟೂಲ್ ರೂಮ್, ಮೆಕ್ಯಾನಿಕಲ್ ಡಿಪ್ಲೊಮಾದವರಿಗೆ ಎರಡನೇ ಕೆಲಸದ ಚಿಂತೆ ಅಲ್ಲಿಲ್ಲ. ಉಳಿದವರಿಗೆ ನಾನು ಅಷ್ಟು ಒತ್ತಿ ಹೇಳುವುದಿಲ್ಲ. ಬೆಂಗಳೂರಿನಿಂದ ಮತ್ತೆ ಸುಮಾರು 350 ಕಿಲೋಮೀಟರ್. ಊರಿಗೆ ಬರಲು ಬಹುಪಾಲು ಬೆಂಗಳೂರಿನಲ್ಲಿ ಇಳಿದು ಹತ್ತಬೇಕು. ತಮಿಳು ಇಲ್ಲದೆ ಕಾರ್ಖಾನೆಯ ಶಿಫ್ಟಿನಲ್ಲಿ ದಿನ ಕಳೆಯುವುದು ಕಷ್ಟ. ಶಾಲೆಯಲ್ಲೂ 2006ರ ಕಾಯ್ದೆಯಿಂದ ತಮಿಳು ಕಡ್ಡಾಯ. ಸೆಕೆಯ ಜೊತೆ ಮಳೆಗಾಲದ ನೆರೆಯೂ ಇದೆ. 2015ರಲ್ಲಿ, ಮತ್ತೆ 2023ರಲ್ಲಿ, ಎರಡೂ ಸಲ ಡಿಸೆಂಬರ್‌ನಲ್ಲಿ ಊರು ಮುಳುಗಿತು. ಕೆಳಮಹಡಿ ಮನೆ ಹಿಡಿಯುವ ಮುನ್ನ ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳಬೇಕು.

ಪುಣೆ ಧಾರವಾಡದವರಿಗೆ ಬೆಂಗಳೂರಿನಷ್ಟೇ ದೂರ. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ವಾರಕ್ಕೆ ಮೂರು ದಿನ ಓಡುತ್ತಿದೆ. ಮರಾಠಿ ಕಿವಿಗೆ ಬಿದ್ದು ಗೊತ್ತಿರುವವರಿಗೆ, ಅಲ್ಲಿ ಸಂಬಂಧಿಕರು ಇರುವವರಿಗೆ ಒಳ್ಳೆಯ ಆಯ್ಕೆ. ಪಿಂಪ್ರಿ-ಚಿಂಚವಡದ ಕಾರ್ಖಾನೆ ಕೆಲಸಕ್ಕೂ, ಹಿಂಜೇವಾಡಿಯ ಐಟಿಗೂ ಹೊಂದುತ್ತದೆ. ಹಾವೇರಿಯವರು ಪುಣೆಯ ವಿಚಾರ ಬಿಟ್ಟರೂ ನಷ್ಟವಿಲ್ಲ.

ಹುಬ್ಬಳ್ಳಿ-ಧಾರವಾಡ: ಸಾಕಾ?

ಕೆಲವು ಕಸುಬುಗಳಿಗೆ ಸಾಕು, ಬೇಕಾದಷ್ಟಾಯಿತು. ವಕೀಲರಿಗೆ ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಲ್ಲಿ ಕಾಯಂ ಆಯಿತು. ಕೃಷಿ ಪದವಿಯವರಿಗೆ ಕೃಷಿ ವಿಶ್ವವಿದ್ಯಾಲಯ, ಬೀಜದ ಕಂಪನಿಗಳು, ಪಕ್ಕದಲ್ಲೇ ರಾಣೆಬೆನ್ನೂರು. ವೈದ್ಯಕೀಯ ಸಿಬ್ಬಂದಿಗೆ ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಮೊದಲಿನ ಕಿಮ್ಸ್), ಸತ್ತೂರಿನ ಎಸ್‌ಡಿಎಂ, ಅಲ್ಲದೆ ಹತ್ತಾರು ಖಾಸಗಿ ಆಸ್ಪತ್ರೆಗಳು. ಫಿಟ್ಟರ್, ವೆಲ್ಡರ್‌ಗಳಿಗೆ ಧಾರವಾಡದ ಟಾಟಾ ಮೋಟಾರ್ಸ್, ಹಿಂದೆ ಟಾಟಾ ಮಾರ್ಕೊಪೋಲೊ ಅನ್ನುತ್ತಿದ್ದ ಬಸ್ ಕಾರ್ಖಾನೆ, ಟಾಟಾ ಹಿಟಾಚಿ ಮತ್ತು ಅವುಗಳ ಸುತ್ತಲಿನ ಸಣ್ಣ ಕಾರ್ಖಾನೆಗಳು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಇಲ್ಲೇ ಇದೆ. ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದಲು ಬೆಂಗಳೂರಿಗೆ ಹೋಗುತ್ತೇನೆ ಅನ್ನುವವರಿಗಂತೂ ನನ್ನ ಉತ್ತರ ಒಂದೇ: ಬೇರೆ ಜಿಲ್ಲೆಯವರು ಧಾರವಾಡದ ಸಪ್ತಾಪುರಕ್ಕೆ ಬಂದು ರೂಮು ಹಿಡಿದು ಓದುತ್ತಿದ್ದಾರೆ, ನೀವು ಎಲ್ಲಿಗೆ ಹೊರಟಿರಿ?

ಸಾಫ್ಟ್‌ವೇರ್‌ನವರಿಗೆ ಮಾತ್ರ ಉತ್ತರ ಬೇರೆ. ಇನ್ಫೋಸಿಸ್ ಕ್ಯಾಂಪಸ್ ಇದೆ, ಸಣ್ಣ ಕಂಪನಿಗಳೂ ಸ್ಟಾರ್ಟಪ್‌ಗಳೂ ಇವೆ. ಆದರೆ ಎರಡನೇ ಕೆಲಸದ ಪ್ರಶ್ನೆಗೆ ಇಲ್ಲಿ ಗಟ್ಟಿ ಉತ್ತರ ಇಲ್ಲ. ಇಲ್ಲಿನ ಕೆಲಸ ಬಿಟ್ಟರೆ ಮುಂದಿನದು ಬಹುತೇಕ ಬೆಂಗಳೂರಿನದ್ದೇ. ಜಾಹೀರಾತು, ಸಿನಿಮಾ, ಡಿಸೈನ್, ದೊಡ್ಡ ಮಟ್ಟದ ಫೈನಾನ್ಸ್ ಕೆಲಸಗಳಿಗೂ ಇದೇ ಮಾತು.

ಹುಬ್ಬಳ್ಳಿಯನ್ನು ಹೊಗಳುವವರು ಬಚ್ಚಿಡುವ ಸಂಗತಿಗಳೂ ಇವೆ. ಸಂಬಳ ವರ್ಷವರ್ಷ ಏರುವುದು ನಿಧಾನ. ನೀರು ಹಲವು ಬಡಾವಣೆಗಳಿಗೆ ದಿನಗಟ್ಟಲೆ ಬಿಟ್ಟು ಬರುತ್ತದೆ. ಧೂಳು, ಅಗೆದ ರಸ್ತೆ, ಮುಗಿಯದ ಕಾಮಗಾರಿ, ಹೇಳುವುದೇ ಬೇಡ. ಇನ್ನೊಂದು, ಯಾರೂ ಬಾಯಿಬಿಟ್ಟು ಹೇಳದ್ದು: ಇಲ್ಲಿದ್ದರೆ ಮದುವೆ, ಸೀಮಂತ, ಗೃಹಪ್ರವೇಶ, ದಿವಸ ಒಂದನ್ನೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಖರ್ಚೂ ಹೌದು, ರಜೆಯೂ ಹೌದು. ಕೆಲವರು ಬೆಂಗಳೂರಿಗೆ ಹೋಗುವುದೇ ಇದರಿಂದ ಪಾರಾಗಲು ಅಂತ ನನ್ನ ಅನುಮಾನ. ಹಾಗೆ ಹೋಗುವುದೂ ತಪ್ಪಲ್ಲ.

ಗದಗಿನವರಿಗೆ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ರೈಲಿನ ಪಾಸ್ ಮಾಡಿಸಿ ದಿನಾ ಅಪ್-ಡೌನ್ ಮಾಡುವವರು ತುಂಬಾ ಇದ್ದಾರೆ. ಹಾವೇರಿಯಿಂದ ಅದಕ್ಕಿಂತ ದೂರ, ವಾರಕ್ಕೆ ಆರು ದಿನ ಅಂದರೆ ದಣಿವು. ಆದರೂ ಬೆಂಗಳೂರಲ್ಲಿ ಬಸ್ಸಿನಲ್ಲಿ ಕಳೆಯುವ ಗಂಟೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ರಾತ್ರಿ ಸ್ವಂತ ಮನೆಯಲ್ಲಿ ಮಲಗುತ್ತೀರಿ, ಬಾಡಿಗೆ ಇಲ್ಲ. 18,000 ಸಂಬಳದ ಕೆಲಸಕ್ಕೆ ಬೆಂಗಳೂರಿಗೆ ಹೋಗುವ ಬದಲು ಇದು ಎಷ್ಟೋ ಮೇಲು.

ಕಂಪನಿಯವರು ವಾರಕ್ಕೆ ಒಂದೆರಡು ದಿನ ಮಾತ್ರ ಆಫೀಸಿಗೆ ಕರೆಯುವಂತಿದ್ದರೆ ಇನ್ನೊಂದು ದಾರಿ ಇದೆ. ಹುಬ್ಬಳ್ಳಿಯಲ್ಲೇ ಮನೆ, ರಾತ್ರಿ ರೈಲಿಗೆ ಹೋಗಿ ಎರಡು ದಿನ ಗೆಳೆಯನ ರೂಮಿನಲ್ಲಿದ್ದು ವಾಪಸ್. ಬೆಂಗಳೂರಿನ ಸಂಬಳ, ಹುಬ್ಬಳ್ಳಿಯ ಖರ್ಚು. ಇದು ಎಷ್ಟು ದಿನ ನಡೆಯುತ್ತದೆ ಅನ್ನುವುದು ಕಂಪನಿಯವರ ಕೈಯಲ್ಲಿದೆ. ‘ಎಲ್ಲರೂ ಐದೂ ದಿನ ಬನ್ನಿ’ ಅಂತ ಒಂದು ಮೇಲ್ ಬಂದರೆ ಮುಗಿಯಿತು. ಇದನ್ನು ನಂಬಿ ಇಲ್ಲಿ ಮನೆ ಸಾಲ ತೆಗೆಯುವುದು ಬೇಡ.

ಹಾಗಾದರೆ ಯಾರಿಗೆ ಯಾವುದು

ಇಪ್ಪತ್ತೈದರ ಒಳಗಿನವರು, ಮದುವೆಯಾಗದವರು, ಕಸುಬು ಕಲಿಯುತ್ತಿರುವವರು: ಹೋಗಿ. ಹೆಚ್ಚು ಯೋಚನೆ ಬೇಡ. ಬೆಂಗಳೂರು ಮೊದಲು, ಫಾರ್ಮಾ ಆದರೆ ಹೈದರಾಬಾದ್, ಆಟೊಮೊಬೈಲ್ ಆದರೆ ಚೆನ್ನೈ ಅಥವಾ ಪುಣೆ. ಮೂರು ವರ್ಷದ ಅನುಭವ ಹಿಡಿದು ವಾಪಸ್ ಬಂದರೂ ಹುಬ್ಬಳ್ಳಿಯಲ್ಲಿ ನಿಮ್ಮ ಬೆಲೆ ಏರಿರುತ್ತದೆ. ಆದರೆ 20,000ಕ್ಕಿಂತ ಕಡಿಮೆ ಸಂಬಳ, ಊಟ-ವಸತಿ ಕೊಡುವುದಿಲ್ಲ ಅಂದರೆ ತಡೆಯಿರಿ. ಆ ದುಡ್ಡಿನಲ್ಲಿ ಬೆಂಗಳೂರಲ್ಲಿ ಬದುಕಬಹುದು, ಉಳಿಸಲು ಆಗುವುದಿಲ್ಲ.

ಸಂಸಾರ ಇದ್ದು, ದುಡಿಯುವವರು ಒಬ್ಬರೇ ಆಗಿದ್ದರೆ: ಈಗಿನ ಸಂಬಳದ ಎರಡರಷ್ಟಾದರೂ ಸಿಗದೆ ಕದಲಬೇಡಿ. ನನ್ನ ಅಂದಾಜು ಇದು. ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಯಲ್ಲಿ ಹಾಕಿದರೆ ನಿಮಗೇ ಗೊತ್ತಾಗುತ್ತದೆ. ಮಗು ಎಂಟು-ಒಂಬತ್ತನೇ ತರಗತಿಯಲ್ಲಿದ್ದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಒಬ್ಬರೇ ಹೋಗಿ ಪಿಜಿಯಲ್ಲಿರಿ. ಇಬ್ಬರಿಗೂ ಕೆಲಸ ಸಿಗುವಂತಿದ್ದು, ಮಗು ಸಣ್ಣದಿದ್ದರೆ ಬೆಂಗಳೂರಿನ ಮೆಟ್ರೊ ಹತ್ತಿರದ ಮನೆ ಒಳ್ಳೆಯದು.

ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದು, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ ಹೈದರಾಬಾದ್, ಚೆನ್ನೈ ಬಿಡಿ. ಅವರನ್ನು ಕರೆದುಕೊಂಡು ಹೋಗುತ್ತೇನೆ ಅನ್ನುವವರು ಒಂದು ಸಲ ಹದಿನೈದು ದಿನ ಕರೆದೊಯ್ದು ನೋಡಿ. ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಜೊತೆ ಮಾತಾಡಿದವರು ಮೂರನೇ ಮಹಡಿಯ ಮನೆಯಲ್ಲಿ ಎಷ್ಟು ದಿನ ಇರುತ್ತಾರೆ ಅನ್ನುವುದು ಆಗ ಗೊತ್ತಾಗುತ್ತದೆ. ಹೊಲ ಇದ್ದವರು ಲಾವಣಿಗೆ (ಗೇಣಿಗೆ) ಕೊಡುವುದಾ, ತಾವೇ ಬಂದು ಮಾಡಿಸುವುದಾ ಅನ್ನುವುದನ್ನು ಮುಂಗಾರಿಗೆ ಮುಂಚೆ ತೀರ್ಮಾನಿಸಿ. ಬಿತ್ತನೆ ಹೊತ್ತಿಗೆ ಹೊಸ ಕೆಲಸದಲ್ಲಿ ರಜೆ ಕೇಳಿದರೆ ಯಾರೂ ಕೊಡುವುದಿಲ್ಲ.

ಹೊರಡುವುದು ಅಂತ ಆದಮೇಲೆ

ಆಫರ್ ಲೆಟರ್ ಕೈಗೆ ಬರುವ ಮುನ್ನ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಬೇಡ. ಕೆಲಸಕ್ಕೆ ಸೇರಿಸುತ್ತೇವೆ ಅಂತ ಮುಂಗಡ ದುಡ್ಡು ಕೇಳುವ ಏಜೆಂಟರ ಸಹವಾಸವಂತೂ ಬೇಡವೇ ಬೇಡ. ಸಂಬಳದ ವಿಷಯದಲ್ಲಿ ವರ್ಷಕ್ಕೆ ಎಷ್ಟು ಲಕ್ಷ ಅನ್ನುವುದನ್ನು ಬಿಟ್ಟು ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಅಂತ ಬರೆಸಿಕೊಳ್ಳಿ.

ಮೊದಲ ಒಂದೆರಡು ತಿಂಗಳು ಮನೆಮಂದಿಯನ್ನು ಇಲ್ಲೇ ಬಿಟ್ಟು ಪಿಜಿಯಲ್ಲಿರಿ. ಆಫೀಸಿಗೆ ನಿಜವಾಗಿ ಎಷ್ಟು ಹೊತ್ತು ಬೇಕು ಅನ್ನುವುದು ಭಾನುವಾರ ಮನೆ ನೋಡಲು ಹೋದಾಗ ಗೊತ್ತಾಗುವುದಿಲ್ಲ. ವಾರದ ದಿನ ಬೆಳಿಗ್ಗೆ ಒಂಬತ್ತಕ್ಕೆ ಆ ಮನೆಯ ಬಾಗಿಲಿನಿಂದ ಹೊರಟು ನೋಡಬೇಕು. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಎಷ್ಟು ದಿನಕ್ಕೆ ವಾಪಸ್ ಕೊಡುತ್ತಾರೆ ಅನ್ನುವ ಎರಡು ಸಾಲು ಅದರಲ್ಲಿ ಇರಲೇಬೇಕು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹುಬ್ಬಳ್ಳಿಯ ಬಾಡಿಗೆ ಮನೆಯ ಮೀಟರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಅದನ್ನು ಬಿಡಿಸಿ, ಹೊಸ ಮನೆಯ ಮೀಟರಿಗೆ ಜೋಡಿಸಿ.

ಶಾಲೆಗೆ ಹೋಗುವ ಮಕ್ಕಳಿದ್ದವರು ಏಪ್ರಿಲ್ ಮೊದಲ ವಾರದಲ್ಲೇ ಮನೆ ಹುಡುಕಲು ಶುರು ಮಾಡಿ. ಟಿಸಿ ತೆಗೆಯುವ ಮುನ್ನ ಆ ಕಡೆಯ ಶಾಲೆಯಲ್ಲಿ ಸೀಟು ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಮೇ ಬಂತೆಂದರೆ ಮನೆ ಹುಡುಕುವವರು ಜಾಸ್ತಿಯಾಗಿ ಓನರುಗಳು ಬಾಡಿಗೆ ಒಂದು ಸಾವಿರ ಏರಿಸಿಯೇ ಮಾತು ಶುರು ಮಾಡುತ್ತಾರೆ.